ತರೀಕೆರೆಯ ಕಣ್ಣಿನ ಪಟ್ಟಿ ಅಳಿಸಿದ್ದು ಯಾರು?

೧೯೮೫ರ ನವೆಂಬರ್ ಹದಿಮೂರರಂದು ವಿಮಲಮ್ಮ ಕಡೂರಿಗೆ ಬಂದಾಗ ನಾನು ಪಂಚಾಕ್ಷರಪ್ಪನವರ ಜಗಲಿಯಲ್ಲೇ ಇದ್ದೆ. ಅವರು ರೈಲ್ವೆಯಲ್ಲಿ ಸಿಗ್ನಲ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಊರಿನ ಕಳವು, ಮೋಸಗಳ ಗಂಟು ಬಿಡಿಸುತ್ತಿದ್ದವರು.

ವಿಮಲಮ್ಮ ತರೀಕೆರೆಯ ಒಂದು ಟ್ರಸ್ಟಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಹನ್ನೊಂದರಂದು ನಡೆದ ಕಣ್ಣಿನ ಶಿಬಿರದಲ್ಲಿ ಪೊರೆ ತೆಗೆಯಲು ಆರಿಸಿದ್ದ ಇನ್ನೂರ ಹನ್ನೆರಡು ಜನರ ಹೆಸರು, ಊರುಗಳನ್ನು ಅವಳೇ ಟೈಪು ಮಾಡಿದ್ದಳು. ಮೂರು ಗಂಟೆಗೆ ಕಾರ್ಯದರ್ಶಿ ಕಲ್ಲೇಶಪ್ಪ ಪರದೆಯ ಮೇಲೆ ಪಟ್ಟಿ ನೋಡಿ, ಹೆಸರು ಬರೆದುಕೊಂಡಿದ್ದ ಚೀಟಿಗಳು ಇನ್ನು ಬೇಡವೆಂದು ಸುಡಿಸಿದ್ದರು. ಐದಕ್ಕೆ ಅವಳು ಪ್ರೋಗ್ರಾಂ ಮುಗಿಸಿ ಯಂತ್ರ ನಿಲ್ಲಿಸಿದಳು. ಮರುದಿನ ಬೆಳಿಗ್ಗೆ ಪಟ್ಟಿ ಇರಲಿಲ್ಲ.

"ಕೊನೇಲಿ ಮುಟ್ಟಿದ್ದು ನಾನೇ, ಅದಕ್ಕೆ ನಾನೇ ಅಳಿಸ್ದೆ ಅಂತಾರೆ ಕಣ್ರೀ," ಎಂದಳು.

ನಾವು ತರೀಕೆರೆಗೆ ಹೋಗಿ ನೋಡಿದರೆ ಕಂಪ್ಯೂಟರ್ ಕೋಣೆಯ ಬೀಗ ಸರಿಯಾಗಿತ್ತು. ಪಟ್ಟಿ ಇರಬೇಕಾಗಿದ್ದ ಫ್ಲಾಪಿ ಡಿಸ್ಕಿನ ಮೇಲಿದ್ದ ಬೇರೆ ಫೈಲುಗಳೆಲ್ಲ ಹಾಗೇ ಇದ್ದವು. ಪಂಚಾಕ್ಷರಪ್ಪನವರು ಕಂಪ್ಯೂಟರಿನ ಕೈಪಿಡಿಯನ್ನು ಎರಡು ದಿನ ಓದಿದರು. ಶಿಬಿರಕ್ಕೆಂದು ಪ್ರೋಗ್ರಾಂ ಬರೆದುಕೊಟ್ಟಿದ್ದ ಮಲ್ಲಿಕಾರ್ಜುನನ ಬಳಿಯಿದ್ದ ಫ್ಲಾಪಿಯನ್ನೂ ಕೇಳಿ ತರಿಸಿಕೊಂಡು, ಅದರ ತಾರೀಖನ್ನು ಗುರುತು ಹಾಕಿಕೊಂಡರು.

ಆಮೇಲೆ ಕಲ್ಲೇಶಪ್ಪ, ವಿಮಲಮ್ಮ, ಮಲ್ಲಿಕಾರ್ಜುನ ಎಲ್ಲರನ್ನೂ ಯಂತ್ರದ ಮುಂದೆ ಕೂರಿಸಿ ತಮ್ಮ ಹೆಸರನ್ನೇ ಟೈಪು ಮಾಡಿದರು. ಹೆಸರು ಪರದೆಯ ಮೇಲಿತ್ತು. ಪ್ರೋಗ್ರಾಂ ಮುಗಿಸಿ ಮತ್ತೆ ಶುರು ಮಾಡಿದರು. ಹೆಸರು ಇರಲಿಲ್ಲ.

"ಪ್ರೋಗ್ರಾಮನ್ನ ಓಡಿಸೋದು ಈ ಪೆಟ್ಟಿಗೆಯೊಳಗಿನ ಇನ್ನೊಂದು ಕಲ್ಪಿತ ಯಂತ್ರ," ಎಂದರು. "ಕೆಲಸ ಮುಗೀತು ಅಂದ ಕೂಡ್ಲೇ ಅದು ತೆರೆದ ಫೈಲುಗಳನ್ನ ಮುಚ್ಚಿ ಗುಡಿಸಿ ಸ್ವಚ್ಛ ಮಾಡುತ್ತೆ. ಹೊಸ ಫೈಲನ್ನ ಉಳಿಸ್ಕೋ ಅಂತ ಪ್ರೋಗ್ರಾಮೇ ಹೇಳಬೇಕು. ಹೇಳ್ದೇ ಇದ್ರೆ ಕಸ ಅಂತ ಬಿಸಾಕುತ್ತೆ. ಅದಕ್ಕೆ ಬೇಕಾದ 'ಲಾಕ್' ಅನ್ನೋ ಒಂದು ಪದ ಇಲ್ಲಿನ ಪ್ರೋಗ್ರಾಮಿನಲ್ಲಿಲ್ಲ. ಮಲ್ಲಿಕಾರ್ಜುನನ ಫ್ಲಾಪಿಯಲ್ಲಿದೆ. ಅದರ ತಾರೀಖು ಹತ್ತು. ಶಿಬಿರಕ್ಕೆ ಒಂದು ದಿನ ಮುಂಚೆ."

ಮಲ್ಲಿಕಾರ್ಜುನ ತಲೆ ತಗ್ಗಿಸಿದ. ತಪ್ಪು ಹತ್ತರಂದೇ ಕಂಡಿತ್ತು, ಸದ್ದಿಲ್ಲದೆ ಬದಲಾಯಿಸಿಬಿಡೋಣ ಎಂದು ಹನ್ನೊಂದರಂದು ಹೊರಟಿದ್ದೆ, ಬಸ್ಸು ಕೆಟ್ಟು ಬರುವಷ್ಟರಲ್ಲಿ ಐದೂವರೆಯಾಗಿತ್ತು ಎಂದು ಒಪ್ಪಿಕೊಂಡ. ಆಮೇಲೆ ಬಾಯಿ ಬಿಡಲು ಧೈರ್ಯ ಬರಲಿಲ್ಲವಂತೆ.

ಕಲ್ಲೇಶಪ್ಪ ವಿಮಲಮ್ಮನ ಕ್ಷಮೆ ಕೇಳಿದರು. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಸೋಮವಾರ ಆಸ್ಪತ್ರೆ ಬಸ್ ಬರುತ್ತೆ. ಯಾವ್ಯಾವ ಊರಿಗೆ ಕಳಿಸ್ಲಿ?" ಎಂದಳು.

ಪಂಚಾಕ್ಷರಪ್ಪನವರು ನನ್ನ ಮುಖ ನೋಡಿದರು. 

ವಿಮಲಮ್ಮ ಒಂದು ಹಾಳೆ ಎಳೆದುಕೊಂಡು, ಲಿಂಗದಹಳ್ಳಿಯ ಓಬಮ್ಮ ಎಂದು ಬರೆದಳು. ಕತ್ತಲಾಗುವ ಹೊತ್ತಿಗೆ ಅವಳಿಗೆ ನೆನಪಾದದ್ದು ಹತ್ತೊಂಬತ್ತು ಹೆಸರು.