ದತ್ತಾತ್ರಿ ಕೇಳದ ರೆಕಾರ್ಡು

"ಒಬ್ರೇ ಕೇಳಬ್ಯಾಡ್ರಿ, ಸಾವಕಾರ್ರ," ಎಂದಳು ಜೈನಬಿ.

ಬಸವಕಲ್ಯಾಣದ ಆ ಮನೆಯಲ್ಲಿ ಲೋಬಾನದ ಹೊಗೆ ಇನ್ನೂ ಕವಿದಿತ್ತು. ತೀರಿಕೊಂಡ ಗಂಡ ಮಕ್ಬೂಲನ ಗ್ರಾಮಫೋನ್ ರೆಕಾರ್ಡನ್ನು ಆಕೆ ಬರಿಗೈ ತಾಗದಂತೆ ಸೆರಗಿನಲ್ಲಿ ಹಿಡಿದು ಚಾಚಿದ್ದಳು. "ಇದಕ್ಕ ಮಾಟ ಅದ. ದತ್ತಾತ್ರಿ ಸರ್‌ನ ಬಾಜೂಕ ಕುಂದ್ರಿಸ್ಕೊಂಡು ಕೇಳ್ರಿ."

"ಅಂವ ಬಾಜೂಕ ಕುಂತ್ರ ಅದೇ ದೊಡ್ಡ ಮಾಟ, ಆಪಾ," ಎಂದು ಶಂಕರಲಿಂಗ ನಕ್ಕ.

ಹುಮನಾಬಾದಿನಲ್ಲಿ ಪೈಪು ಮಾರುವ ಶಂಕರಲಿಂಗನಿಗೂ ಬಸವಕಲ್ಯಾಣದ ಮೇಷ್ಟ್ರು ದತ್ತಾತ್ರಿಗೂ ಇದ್ದ ಗೆಳೆತನ ರೆಕಾರ್ಡುಗಳದ್ದು, ಅಂದರೆ ಹೊಟ್ಟೆಕಿಚ್ಚಿನದ್ದು. ಯಾರು ಹೊಸದು ತಂದರೂ ಮೊದಲ ಸೂಜಿ ಇನ್ನೊಬ್ಬನ ಎದುರಿಗೇ ಇಳಿಯಬೇಕೆಂಬುದು ಇಬ್ಬರ ರಿವಾಜು. ಪ್ರತಿ ಸಲವೂ ದತ್ತಾತ್ರಿ, "ಇದು ನಾ ಕಾಲೇಜಿನಾಗೇ ಕೇಳೀನಿ ಬಿಡು," ಎನ್ನುತ್ತಿದ್ದ. ಮಕ್ಬೂಲನ ಈ ಒಂದನ್ನು ಮಾತ್ರ ಅವನು ಕೇಳಿರಲಿಲ್ಲ. ಐವತ್ತು ವರ್ಷದ ಹಿಂದೆ ಒಂದೇ ಆಲ್ಬಮ್ ಮಾಡಿ ಚದುರಿಹೋದ ಇಂಗ್ಲೆಂಡಿನ ಪ್ರೊಗ್ರೆಸಿವ್ ರಾಕ್ ತಂಡ. ಒಂದು ಬದಿಯ ತುಂಬ ಒಂದೇ ಹಾಡು.

ಮಧ್ಯಾಹ್ನ ಶಂಕರಲಿಂಗ ದತ್ತಾತ್ರಿಗೆ ಹೇಳದೆಯೇ ತನ್ನ ಮನೆಯ ಕೋಣೆಗೆ ಚಿಲಕ ಹಾಕಿ, ಕಿಟಕಿ ಮುಚ್ಚಿ, ಸೂಜಿ ಇಳಿಸಿದ. ಆರ್ಗನ್ನು ಹಾಳುಬಾವಿಯ ತಂಪಿನಂತೆ ಮೇಲೇರಿತು. ಅದರ ಮೇಲೊಂದು ಕೊಳಲು. ಡ್ರಮ್ಮು ಏಳು ಮಾತ್ರೆಗೊಮ್ಮೆ ಎಡವಿ, ಎಡವಿದ್ದನ್ನೇ ನಡಿಗೆ ಮಾಡಿಕೊಂಡಿತು. ಆಹಾ, ಎಂದುಕೊಂಡ. ದತ್ತಾತ್ರಿಗೆ ಇದಿಲ್ಲ ಎಂದು ನೆನೆದಾಗ ಅದಕ್ಕಿಂತ ದೊಡ್ಡ ಆಹಾ.

ಆಗ ಕತ್ತಲಲ್ಲಿ ಕೊಳೆತ ನಿಂಬೆಯ ವಾಸನೆ. ಪಕ್ಕದ ಖಾಲಿ ಕುರ್ಚಿ ಕಿರುಗುಟ್ಟಿತು. ಯಾರೋ ಕೂತರು. ಕಿವಿಯ ಬಳಿ ತಣ್ಣನೆಯ ಉಸಿರು. ತಾಳ ತಪ್ಪದ ಉಸಿರು. ಸೂಜಿ ಎತ್ತಿದ. ಹಾಡು ನಿಲ್ಲಲಿಲ್ಲ. ವೈರು ಕಿತ್ತ. ನಿಲ್ಲಲಿಲ್ಲ. ಬಾಗಿಲು ತೆರೆದು ಓಡಿದ. ಎದುರಿಗೆ ಹೆಂಡತಿ ಪೂನಂ. ತುಟಿ ಆಡುತ್ತಿತ್ತು. ದನಿಯಿರಲಿಲ್ಲ. ಆರ್ಗನ್ನಿತ್ತು.

ಮರುದಿನ ಪೂನಂ ಅವನನ್ನು ಜೈನಬಿಯ ಬಳಿಗೆ ಎಳೆದೊಯ್ದಳು. ಹೆಂಗಸರಿಬ್ಬರೂ ಬಹಳ ಹೊತ್ತು ತುಟಿ ಆಡಿಸಿದರು. ಕೊನೆಗೆ ಪೂನಂ ಮೊಬೈಲಿನಲ್ಲಿ ಬರೆದು ತೋರಿಸಿದಳು: 'ದತ್ತಾತ್ರಿ ಸರ್ ಜೋಡಿ ಕುಂತು ಒಮ್ಮೆ ಕೇಳಿದ್ರ ಬಿಡ್ತದಂತ. ಇವರ ಗಂಡ ಇದನ್ನ ಯಾರ್ಗೂ ಕೇಳಸಲಾರ್ದನೇ ಸತ್ರಂತ. ನಡೀರಿ.'

ದತ್ತಾತ್ರಿಯ ಮನೆಯಲ್ಲಿ ಪ್ಲೇಯರ್ ಆಗಲೇ ತಿರುಗುತ್ತಿತ್ತು. ಪೂನಂ ಅತ್ತು ಕೆಂಪಾದ ಕಣ್ಣುಗಳಿಂದ ಗಂಡನನ್ನೇ ನೋಡುತ್ತಿದ್ದಳು. ಶಂಕರಲಿಂಗ ರೆಕಾರ್ಡು ಚಾಚಿದ. ದತ್ತಾತ್ರಿ ಪ್ರಸಾದಕ್ಕೆ ಒಡ್ಡುವಂತೆ ಎರಡೂ ಕೈ ಒಡ್ಡಿದ. ಮುಖದಲ್ಲಿ ಎಂತಹ ಸುಖ!

ಶಂಕರಲಿಂಗನ ಕಿವಿಯೊಳಗೆ ಕೊಳಲು ಅದೇ ತಾನೆ ತನ್ನ ಅತ್ಯಂತ ಸೊಗಸಾದ ತಿರುವಿಗೆ ಬಂದಿತ್ತು.

ಅವನು ಕೈ ಹಿಂದೆಳೆದುಕೊಂಡ. ರೆಕಾರ್ಡನ್ನು ಮೊಣಕಾಲಿಗೆ ಬಡಿದ. ಎರಡು ತುಂಡು.

ಪೂನಂ ಚೀರಿದಳು. ಚೀರಿರಬೇಕು.