ಒಂದರಲ್ಲಿ ಮುಗಿಯುವ ನಂಬರುಗಳು

೧೯೫೮ರ ನವೆಂಬರ್ ಮೂರು, ಸೋಮವಾರ. ಸೊರಬ ಠಾಣೆಯ ಸಬ್ ಇನ್ಸ್‌ಪೆಕ್ಟರ್ ರಂಗಪ್ಪನವರು ದೇವರ ಪಟಕ್ಕೆ ಕೈಮುಗಿದು ಕುರ್ಚಿಯಲ್ಲಿ ಕೂರುವಷ್ಟರಲ್ಲೇ ಟ್ಯಾಕ್ಸಿ ಮಾಲೀಕ ಬಡೇಸಾಬರು ಒಳಗೆ ಬಂದರು.

"ಸಾಹೇಬ್ರೆ, ನನ್ನ ಕಾರಿನ ಇಂಜಿನ್ ಕದ್ದಾರೆ."

"ಕಾರು?"

"ಅದೈತೆ. ಇಂಜಿನ್ ಸತ್ತಿತ್ತು, ಬಿಚ್ಚಿ ಶೆಡ್ಡಲ್ಲಿ ಇಟ್ಟಿದ್ದೆ. ಗುಜರಿಗೆ ಹಾಕಿ, ಬೇರೆದು ತರೋಣ ಅಂತ. ತಿಂಗಳು ಬಿಟ್ಟು ಬಾಗಿಲು ತೆಗೆದ್ರೆ ಜಾಗ ಖಾಲಿ! ಕಾರು ಓಡದಿದ್ರೆ ನಮ್ಮನೆ ಒಲೆ ಉರಿಯಲ್ಲ."

"ಸತ್ತಿದ್ದನ್ನ ಯಾರು ಹೊತ್ಕೊಂಡು ಹೋಗ್ತಾರ್ರೀ?" ಹೆಡ್ ಕಾನ್‌ಸ್ಟೇಬಲ್ ಚೌಡಪ್ಪ ನಕ್ಕ.

ರಂಗಪ್ಪ ನಗಲಿಲ್ಲ. ಎಫ್‌ಐಆರ್ ಆಯಿತು, ಶೆಡ್ಡಿನ ಪಂಚನಾಮೆ ಆಯಿತು. ಸತ್ತ ಇಂಜಿನ್ ಕದ್ದವನು ಅದನ್ನು ಬದುಕಿಸಬಲ್ಲವನೇ ಆಗಿರಬೇಕು ಎಂದು ಅವರಿಗೆ ತೋರಿತು. ಅಂಥ ಕೈ ಓಡಾಡಿದ ಹಳೆಯ ಕಾರುಗಳನ್ನು ನೋಡಬೇಕು.

ಶಿಕಾರಿಪುರದ ಹಳೆಯ ಟ್ಯಾಕ್ಸಿಗಳು ಹೊಸದರಂತೆ ಓಡುತ್ತವೆಂದು ಕೇಳಿದ್ದರಿಂದ, ಮರುದಿನ ಅಲ್ಲಿನ ಠಾಣೆಗೆ ತಿಳಿಸಿ, ಬಸ್ ನಿಲ್ದಾಣದ ಬಳಿ ನಿಂತಿದ್ದ ಮೂರು ಹಳೆಯ ಟ್ಯಾಕ್ಸಿಗಳ ಬಾನೆಟ್ಟು ತೆಗೆಸಿದರು. ಇಂಜಿನ್ನುಗಳ ಸದ್ದು ಹೊಸ ಗಾಡಿಯಷ್ಟು ನಯ. ಚೌಡಪ್ಪ ಗ್ರೀಸ್ ಒರೆಸಿ ನಂಬರು ಓದಿದ. ೨೧೦೧. ೩೫೦೧. ೫೦೦೧.

"ಮದುವೆ ಮನೇಲಿ ಮುಯ್ಯಿ ಓದ್ದಂಗಾತಲ್ರೀ ಸಾರ್!"

ರಂಗಪ್ಪ ಬಗ್ಗಿ ಮತ್ತೊಮ್ಮೆ ನೋಡಿದರು. ಕಂಪನಿಯ ನಂಬರು ಹೀಗೆ ಬರುವುದಿಲ್ಲ. ಯಾರೋ ಹಳೆಯದನ್ನು ಅರೆದು, ಮದುಮಕ್ಕಳಿಗೆ ಕೊಟ್ಟಂತೆ ಮೇಲೊಂದು ಸೇರಿಸಿ ಹರಸಿದ್ದರು.

"ಯಾರು ಮಾಡಿದ್ದು?"

"ಇಲ್ಲಿನ ಮೆಕ್ಯಾನಿಕ್ ಉಚ್ಚಂಗಪ್ಪ," ಎಂದರು ಮೂವರು ಚಾಲಕರೂ. "ನಮ್ಮವೇ ಇಂಜಿನ್ ಕೊಟ್ಟು ಮಾಡಿಸ್ಕೊಂಡಿದ್ದು."

ಉಚ್ಚಂಗಪ್ಪನ ಶೆಡ್ಡಿನಲ್ಲಿ ಮರದ ಚೌಕಟ್ಟಿನ ಮೇಲೆ ಒಂದು ಇಂಜಿನ್ ಕೂತಿತ್ತು. ನಂಬರು ೧೦೦೧. ಜೊತೆಗೆ ಬಂದಿದ್ದ ಬಡೇಸಾಬರು ಅದರ ಮುರಿದ ಕಾಲಿಗೆ ಹಿಂದೆ ತಾವೇ ಹಾಕಿಸಿದ್ದ ಬೆಸುಗೆ ಮುಟ್ಟಿ ನೋಡಿದರು. "ನಂದೇ."

"ಒಂದರಲ್ಲೇ ಯಾಕಯ್ಯಾ ಮುಗಿಸ್ತೀಯ?" ರಂಗಪ್ಪ ಕೇಳಿದರು.

"ಮರುಹುಟ್ಟು ಪಡೆದದ್ದನ್ನ ಸೊನ್ನೆ ಹಾಕಿ ಹ್ಯಾಂಗ್ ಕಳಿಸ್ಲಿ ಸಾರ್? ಮುಂದೆ ಬಾಳಬೇಕಲ್ಲ."

"ಇದರ ಹಳೇ ನಂಬರು?"

"ಅರೆದೆ. ಇದ್ದಿದ್ರೆ ನಿಮ್ಮ ಕೈಗೆ ಸಿಕ್ತಿದ್ದೆ."

"ಕದ್ದದ್ದು ಯಾಕೆ?"

ಉಚ್ಚಂಗಪ್ಪ ಬಡೇಸಾಬರತ್ತ ನೋಡಿದ. "ಕೇಳಿದ್ದೆ, ಸಾರ್. ನಂಗೆ ಕೊಡ್ರಿ, ಎಬ್ಬಿಸ್ತೀನಿ ಅಂದೆ. ಹೆಣಕ್ಕೆ ಮದ್ದು ಕುಡಿಸ್ತೀಯಾ ಅಂತ ನಕ್ಕರು. ಗುಜರಿಯವ್ನು ಸುತ್ತಿಗೇಲಿ ಒಡೆದು ಒಯ್ತಾನ್ರೀ. ಅದನ್ನ ನಾ ನೋಡ್ಲಾರೆ."

ಅವನು ಹಿಡಿಕೆ ತಿರುಗಿಸಿದ. ಇಂಜಿನ್ ಮೊದಲ ಸುತ್ತಿಗೇ ಹತ್ತಿಕೊಂಡು, ಒಂದೇ ಉಸಿರಿನಲ್ಲಿ ಓಡತೊಡಗಿತು. ರಂಗಪ್ಪನವರಿಗೆ ಅರಿವಿಲ್ಲದೆ ಟೋಪಿ ಕೈಗೆ ಬಂದಿತ್ತು. ಬಡೇಸಾಬರು ಇಂಜಿನ್ನಿನ ಮೇಲೆ ಅಂಗೈ ಇಟ್ಟರು.

"ದೂರು ವಾಪಸ್ ತಗೋತೀನಿ ಸಾಹೇಬ್ರೆ."

"ಬರೆದದ್ದು ಬರೆದಾಯ್ತು."

ಸಂಜೆ ನಾಲ್ಕಕ್ಕೆ ದಸ್ತಗಿರಿ. ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತ ಉಚ್ಚಂಗಪ್ಪ ಹೇಳಿದ, "ಸಾಬ್ರೇ, ಮೊದಮೊದಲು ಜೋರು ಓಡಿಸ್ಬ್ಯಾಡ್ರಿ."

"ನೀನೇ ಬಂದು ಕೂರಿಸ್ಬೇಕು ಕಣೋ. ಜಾಮೀನಿಗೆ ನಾ ಬರ್ತೀನಿ."

ಬೇಡಿ ತೊಡಿಸದೆಯೇ ಹೊರಟರು. ಸೊರಬಕ್ಕೆ ಬಂದು ವರದಿ ಬರೆಯುವಾಗ ಚೌಡಪ್ಪ ಕೇಳಿದ, "ಉದ್ದೇಶ ಏನಂತ ಬರೀಲಿ?"

"ಒಡೆಯೋದನ್ನ ತಪ್ಪಿಸೋಕೆ ಅಂತ ಬರಿ."

"ಕೋರ್ಟಿನೋರು ನಂಬ್ತಾರಾ ಸಾರ್?"

"ಮಾಲು ಅವರ ಮುಂದೇನೇ ಇರ್ತದಲ್ಲ," ಎಂದರು ರಂಗಪ್ಪ. "ಒಮ್ಮೆ ಚಾಲೂ ಮಾಡಿ ಕೇಳ್ಲಿ."