ಬಸ್ ನಿಲ್ದಾಣದ ಬೆಂಚಿನಲ್ಲಿ ಸಿಕ್ಕ ಹುಡುಗಿ

ಆಗಸ್ಟ್ ಹನ್ನೊಂದು, ಸೋಮವಾರ ಸಂಜೆ. ಪೊಟೊಸಿ ಪೊಲೀಸ್ ಠಾಣೆಗೆ ಅರ್ಜೆಂಟೀನಾದ ಯುವತಿಯೊಬ್ಬಳು ದೂರು ಹೊತ್ತು ಬಂದಳು. ಹೆಸರು ಅಬ್ರಿಲ್. ಗೆಳತಿ ಮಿಲೇನಾ ಜೊತೆ ಬೆನ್ನಿಗೊಂದು ಚೀಲ ಹಾಕಿಕೊಂಡು ಊರೂರು ಸುತ್ತುತ್ತಿದ್ದವಳು. ಇಲ್ಲಿ ಎರಡು ರಾತ್ರಿಯಷ್ಟೇ ತಂಗುವುದಿತ್ತು. ಬೆಟ್ಟದ ಮೇಲಿನ ಈ ಊರಿನ ಎತ್ತರ ಮಿಲೇನಾಗೆ ಒಗ್ಗಲಿಲ್ಲ. ತಲೆ ಸಿಡಿಯುತ್ತಿದೆಯೆಂದು ಮಲಗಿದವಳು ಒತ್ತಾಯ ಮಾಡಿ ಅಬ್ರಿಲ್‌ಳನ್ನು ಗಣಿ ನೋಡಲು ಕಳಿಸಿದ್ದಳು. ಅಬ್ರಿಲ್ ಹಿಂತಿರುಗಿದಾಗ ಮಂಚ ಖಾಲಿ. ಸುಕ್ರೆ ಊರಿನ ಬಸ್ಸು ಹತ್ತಲು ಹೋದಳೆಂದು ವಸತಿಗೃಹದ ಮಾಲೀಕ ಹೇಳಿದನಂತೆ.

"ನನ್ನ ಬಿಟ್ಟು ಹೋಗೋಳಲ್ಲ ಅವಳು. ಬೆಳಗ್ಗೆ ಬಚ್ಚಲಿಗೂ ನಾನೇ ಹಿಡ್ಕೊಂಡು ಹೋಗಿದ್ದೆ."

ಇನ್ಸ್‌ಪೆಕ್ಟರ್ ಸೆನೋಬಿಯಾ ಕಾಯೊ, ಕಾನ್‌ಸ್ಟೇಬಲ್ ತೋಲಾಬಾನನ್ನು ಬಸ್ ನಿಲ್ದಾಣಕ್ಕೆ ಅಟ್ಟಿದಳು. ಸ್ವಲ್ಪ ಹೊತ್ತಿಗೆ ಅವನ ಫೋನ್ ಬಂತು. ಮೂಲೆಯ ಬೆಂಚಿನಲ್ಲಿ ಹುಡುಗಿ ಕೂತಿದ್ದಾಳೆ, ಕೆನ್ನೆ ಚೀಲದ ಮೇಲಿದೆ, ಮೈ ತಣ್ಣಗಾಗಿದೆ.

ಕಾಯೊ ಬಂದ ಮೇಲೆ ಸ್ಥಳದಲ್ಲೇ ಪಂಚನಾಮೆ ನಡೆಯಿತು. ಕಾಲಿಗೆ ಶೂ ಇತ್ತು, ಕಾಲುಚೀಲವಿರಲಿಲ್ಲ. ಲೇಸನ್ನು ಯಾರೋ ಅವಸರದಲ್ಲಿ ಕಾಲಿನ ಹರಡಿಗೆ ಸುತ್ತಿ ಗಂಟು ಬಿಗಿದಿದ್ದರು. ಎದುರಿಗೆ ಬಿಸಿ ಜೋಳದ ಪಾನಕ ಮಾರುವ ಹೆಂಗಸನ್ನು ಪಂಚಸಾಕ್ಷಿಯಾಗಿ ಕರೆದಾಗ ಅವಳು ಅಳುತ್ತ ಹೇಳಿದಳು: "ನಿದ್ದೆ ಮಾಡ್ತಿದಾಳೆ ಅಂದ್ಕೊಂಡೆ ತಾಯಿ. ಮಧ್ಯಾಹ್ನವೆಲ್ಲ ಗೊರಕೆ ಹೊಡೀತಿದ್ಲು. ಜನ ನಗಾಡ್ತಿದ್ರು."

ಕಾಯೊಳ ಪೆನ್ನು ನಿಂತಿತು.

ಅದು ಗೊರಕೆಯಲ್ಲವೆಂದು ಮರುದಿನ ಶವಪರೀಕ್ಷೆ ಮಾಡಿದ ವೈದ್ಯರು ಹೇಳಿದರು. ಎತ್ತರ ಒಗ್ಗದೆ ಶ್ವಾಸಕೋಶದಲ್ಲಿ ನೀರು ತುಂಬಿತ್ತು, ಆ ಸದ್ದು ಅದರದು. ಮಧ್ಯಾಹ್ನವೇ ಆಮ್ಲಜನಕ ಕೊಟ್ಟಿದ್ದರೆ ಬಹುಶಃ ಬದುಕುತ್ತಿದ್ದಳು. ಎಫ್‌ಐಆರ್ ದಾಖಲಾಯಿತು.

ತೋಲಾಬಾ ಟ್ಯಾಕ್ಸಿಯವರನ್ನು ವಿಚಾರಿಸುತ್ತ ಹೋದ. ಫ್ರೊಯಿಲಾನ್ ಎಂಬ ಚಾಲಕ ತಾನಾಗಿಯೇ ಠಾಣೆಗೆ ಬಂದ.

"ಅವಳನ್ನ ಯಾರು ಹತ್ತಿಸಿದ್ದು?" ಕಾಯೊ ಕೇಳಿದಳು.

"ಹಿಲಾರಿಯೊ ಸಾಹೇಬ್ರು, ವಸತಿಗೃಹದವರು. ಕುಡಿದಿದಾಳೆ ಅಂದ್ರು."

"ನೀನು ನಂಬಿದೆ?"

"ಆಸ್ಪತ್ರೆ ಗೇಟಿನ ಮುಂದೇನೇ ಹೋದ್ವಿ ಮೇಡಂ. ತಿರುಗಿಸ್ಲಾ ಅಂದೆ. ಸುಮ್ನೆ ಓಡ್ಸು ಅಂದ್ರು."

"ನೀನು ಓಡಿಸ್ದೆ."

ಅವನು ತಲೆ ತಗ್ಗಿಸಿದ.

ವಸತಿಗೃಹದ ತಾರಸಿಯಲ್ಲಿ ತೊಳೆದು ಹಾಕಿದ ಹಾಸಿಗೆಯೊಂದು ರಾತ್ರಿಯ ಚಳಿಗೆ ಹಲಗೆಯಂತೆ ಸೆಟೆದಿತ್ತು. ಅದನ್ನು ವಶಪಡಿಸಿಕೊಂಡು ಕಾಯೊ ಕೆಳಗಿಳಿದಳು. ಹಿಲಾರಿಯೊ ಬೆಸೆರ್ರಾ ಅತಿಥಿಗಳಿಗೆ ಬ್ರೆಡ್ಡು ಹಂಚುತ್ತಿದ್ದ.

"ಹಾಸಿಗೆ ಯಾಕೆ ತೊಳೆದ್ರಿ, ಹಿಲಾರಿಯೊ ಅವ್ರೇ?"

"ಸೋಮವಾರ ತೊಳೀತೀವಿ."

"ಅವಳದ್ದೊಂದನ್ನೇ?"

ಅವನು ಇನ್ನೊಂದು ತಟ್ಟೆಗೆ ಬ್ರೆಡ್ಡು ಹಾಕಿದ.

"ಶೂ ಹಾಕಿದ್ದು ಯಾರು?"

"ಅವಳೇ ಹೋಗ್ತೀನಿ ಅಂದ್ಲು."

"ಮಾತಾಡೋ ಸ್ಥಿತೀಲಿದ್ಲಾ?" ಕಾಯೊ ಬ್ರೆಡ್ಡಿನ ಬುಟ್ಟಿಯನ್ನು ಅವನ ಕೈಯಿಂದ ಕಿತ್ತು ಮೇಜಿಗೆ ಕುಕ್ಕಿದಳು. "ಉಸಿರಾಡ್ತಿದ್ಲು ಕಣೋ. ಆಸ್ಪತ್ರೆ ದಾಟಿಸಿ ಕರ್ಕೊಂಡು ಹೋಗಿ ಮೂಟೆ ಇಟ್ಟ ಹಾಗೆ ಇಟ್ಟು ಬಂದ್ಯಲ್ಲ!"

ಹಿಲಾರಿಯೊ ಗೋಡೆಗೆ ಒರಗಿದ. "ನನ್ನ ಮನೇಲಿ ಸಾಯ್ಬಾರ್ದು ಅಂತಿತ್ತು. ಅಷ್ಟೇ."

ತೋಲಾಬಾ ಕೋಳ ತೊಡಿಸಿದ. ಬಾಗಿಲಲ್ಲಿ ನಿಂತಿದ್ದ ಅಬ್ರಿಲ್, ಮಿಲೇನಾ ತನ್ನನ್ನು ಕರೆದಳೇ ಎಂದು ಹಿಲಾರಿಯೊನನ್ನು ವಿಚಾರಿಸಿದಳು. ಹಿಲಾರಿಯೊ ಹೌದೆಂದು ತಲೆಯಾಡಿಸಿದ. ಅವಳು ಅವನ ಮುಖಕ್ಕೆ ಉಗಿದಳು. ಯಾರೂ ತಡೆಯಲಿಲ್ಲ.

ಹೇಳಿಕೆ ಕೊಡುವಾಗ ಅವನು ಶಾಂತನಾಗಿದ್ದ. ಹಿಂದಿನ ವರ್ಷ ಅವನ ಕೋಣೆಯೊಂದರಲ್ಲಿ ವಯಸ್ಸಾದ ಪ್ರವಾಸಿಯೊಬ್ಬ ನಿದ್ದೆಯಲ್ಲೇ ತೀರಿಕೊಂಡಿದ್ದ. ಹಿಲಾರಿಯೊನೇ ವೈದ್ಯರನ್ನು ಕರೆದಿದ್ದ, ಅವನೇ ಪೊಲೀಸರಿಗೂ ತಿಳಿಸಿದ್ದ. ವಿಚಾರಣೆ ಮುಗಿಯುವವರೆಗೆಂದು ವಸತಿಗೃಹಕ್ಕೆ ಹಾಕಿದ ಬೀಗ ಚಳಿಗಾಲ ಪೂರ್ತಿ ತೆರೆಯಲಿಲ್ಲ. ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದ ಹೆಂಡತಿ ಮರಳಿ ಬರಲಿಲ್ಲ. ಬೀಗ ಜಡಿದದ್ದು ಇದೇ ಠಾಣೆ.

ಈ ಭಾಗ ಹೇಳಿಕೆಯಲ್ಲಿ ಬೇಕೇ ಎಂದು ತೋಲಾಬಾ ಮೆಲ್ಲಗೆ ಕೇಳಿದ.

"ಬರಿ," ಎಂದಳು ಕಾಯೊ. "ಒಂದಕ್ಷರ ಬಿಡ್ಬೇಡ."